ರಸ ಹಿಂಡುವ ಯಂತ್ರಗಳು

ಜ್ಯೂಸರ್ ಕೊಳ್ಳಲು ಅಂಗಡಿಗೆ ಹೋದರೆ ಮೊದಲು ಸಿಗುವುದು ರಸವಲ್ಲ, ಉಪನ್ಯಾಸ. "ಇದು ಕೋಲ್ಡ್ ಪ್ರೆಸ್ ಸಾರ್, ನಿಮಿಷಕ್ಕೆ 50 ಸುತ್ತು ಅಷ್ಟೇ" ಎಂದು ಹುಡುಗ ಹೆಮ್ಮೆಯಿಂದ ಹೇಳುತ್ತಾನೆ. ಮನೆಯ ಮಿಕ್ಸಿ ಅದೇ ಒಂದು ನಿಮಿಷದಲ್ಲಿ ಸಾವಿರಾರು ಸುತ್ತು ತಿರುಗಿ ಬೀದಿಗೆಲ್ಲ ಕೇಳುವಂತೆ ಅರಚುತ್ತದೆ. ನಿಧಾನವಾದಷ್ಟೂ ಹೆಚ್ಚು ದುಡ್ಡು ಕೇಳುವುದು, ಕೆಲವು ಕಚೇರಿಗಳನ್ನು ಬಿಟ್ಟರೆ, ಈ ಯಂತ್ರ ಮಾತ್ರ.

ಇನ್ನೊಂದು ಜಾತಿ ಗರಗರ ತಿರುಗಿ, ರಸವನ್ನು ಒಂದು ಕಡೆ, ಹಿಪ್ಪೆಯನ್ನು ಇನ್ನೊಂದು ಕಡೆ ಎಸೆಯುವುದು. ಒಂದು ಕೆಜಿ ಕ್ಯಾರೆಟ್ ಸುರಿದರೆ ಅರ್ಧ ಲೀಟರ್ ಸಿಕ್ಕರೆ ಪುಣ್ಯ. ನಾರೆಲ್ಲ ಹಿಪ್ಪೆಯ ಪಾಲು. ಅದನ್ನು ಬಿಸಾಡಲು ನಮ್ಮ ಹೆಂಗಸರು ಬಿಡುವುದಿಲ್ಲ. ಸಂಜೆ ಅಕ್ಕಿ ರೊಟ್ಟಿಯೊಳಗೆ ಕ್ಯಾರೆಟ್ ಪುನರ್ಜನ್ಮ ಪಡೆಯುತ್ತದೆ.

ಕುಡಿಯುವುದು ಎರಡು ನಿಮಿಷ, ತೊಳೆಯುವುದು ಇಪ್ಪತ್ತು. ಜಾಲರಿಯ ಕಣ್ಣುಗಳಲ್ಲಿ ಸಿಕ್ಕ ನಾರನ್ನು ಹಳೆಯ ಟೂತ್ ಬ್ರಶ್‌ನಿಂದ ಕೆರೆದು, ಬೆಳಕಿಗೆ ಹಿಡಿದು, ಮತ್ತೆ ಕೆರೆಯಬೇಕು. ಆ ಬ್ರಶ್ಶಿನ ಮಾತನ್ನು ಯಾವ ಜಾಹೀರಾತೂ ಎತ್ತುವುದಿಲ್ಲ.

ನನ್ನ ಮತ ಮಿಕ್ಸಿಗೇ. ಕರಬೂಜ, ಬೆಲ್ಲ, ಏಲಕ್ಕಿ ಹಾಕಿ ಒಂದು ಸುತ್ತು ಕೊಟ್ಟರೆ ರಾಮನವಮಿಯ ಪಾನಕ ಸಿದ್ಧ. ಮೋಸಂಬಿಯ ಬೀಜ ಮಾತ್ರ ತೆಗೆಯಿರಿ, ಅರೆದರೆ ಕಹಿ. ಅತ್ತೆಯವರಂತೂ ಉಪನ್ಯಾಸವನ್ನೆಲ್ಲ ಶ್ರದ್ಧೆಯಿಂದ ಕೇಳಿ, ಹುಡುಗನಿಗೆ ಒಂದೇ ಪ್ರಶ್ನೆ ಹಾಕಿದರು: "ಇದ್ರಲ್ಲಿ ಕಾಯಿಚಟ್ನಿ ಆಗುತ್ತೇನಪ್ಪಾ?"