ಬಿಡಾರದ ಅಡುಗೆಗೆ ಕಿರುಚಾಕು: ಒಂದು ತ್ರಿತಾಲ್ಲೂಕು ಮೀಮಾಂಸೆ

ಪ್ರಸ್ತಾವನೆ

ಕಾಡಂಚಿನಲ್ಲಿ ಬಿಡಾರ ಹೂಡಿ ಅಡುಗೆ ಮಾಡುವವರು ಎಂಥ ಚಾಕು ಒಯ್ಯಬೇಕೆಂಬ ಗಹನ ಪ್ರಶ್ನೆಯನ್ನು ನಮ್ಮ ಪ್ರಾಚೀನರು ಮುಟ್ಟಿಯೇ ಇಲ್ಲ. ಕಾರಣ ಸ್ಪಷ್ಟ: ಕಾಡಿಗೆ ಹೋದ ಋಷಿಗಳು ಗೆಡ್ಡೆಗೆಣಸಿನಲ್ಲೇ ತೃಪ್ತರಾದರು, ಈರುಳ್ಳಿಯ ಸಹವಾಸಕ್ಕೆ ಹೋಗಲಿಲ್ಲ. ಈ ಮಹಾಲೋಪವನ್ನು ತುಂಬಲು ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳೇ ತಕ್ಕ ಕ್ಷೇತ್ರ. ತೆಂಗು, ಅಡಿಕೆ, ಈರುಳ್ಳಿ ಮೂರೂ ಇಲ್ಲುಂಟು. ಮೂರಕ್ಕೂ ಬೇರೆ ಬೇರೆ ಅಲಗು ಬೇಕು. ಮೂರರ ಬಗ್ಗೆಯೂ ಎಲ್ಲರಿಗೂ ಅಭಿಪ್ರಾಯವಿದೆ.

ಅನುಬಂಧ ಚತುಷ್ಟಯ

ಗ್ರಂಥಾರಂಭದಲ್ಲಿ ನಾಲ್ಕು ಮಾತು ಹೇಳಬೇಕೆಂಬುದು ಶಾಸ್ತ್ರನಿಯಮ. ವಿಷಯ: ಚಾಕು. ಪ್ರಯೋಜನ: ಉಪ್ಪಿಟ್ಟು. ಸಂಬಂಧ: ಇವೆರಡರ ನಡುವೆ ನಿಂತಿರುವ ಈರುಳ್ಳಿ. ಅಧಿಕಾರಿ, ಅಂದರೆ ಈ ಶಾಸ್ತ್ರಕ್ಕೆ ಅರ್ಹನಾದವನು ಯಾರು ಎಂಬುದು ಜಗಳಕ್ಕೆ ದಾರಿಯಾಗುವ ವಿಚಾರವಾದ್ದರಿಂದ ಊಟವಾದ ಮೇಲೆ ನೋಡೋಣ.

ಮಾಂಸ ಕೊಯ್ಯುವ ಕತ್ತಿ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ. ತರೀಕೆರೆ ಏರಿಯ ಮೇಲೆ ಮೂರು ಕರಿ ಕುರಿಮರಿಗಳಿದ್ದವೆಂದು ನಾಡಿನ ಮಕ್ಕಳೆಲ್ಲ ನಾಲಗೆ ತೊಡರಿಸಿಕೊಂಡು ಸಾಕ್ಷಿ ನುಡಿದಿದ್ದಾರೆ, ನಿಜ. ಆದರೆ ಅವು ಮೇಯುತ್ತಿದ್ದವು ಎಂಬಷ್ಟಕ್ಕೇ ಪ್ರಮಾಣ. ಯಾರಾದರೂ ಕೊಯ್ದ ಬಗ್ಗೆ ಪ್ರಮಾಣವಿಲ್ಲ.

ಪೂರ್ವಪಕ್ಷಗಳು

ಮೊದಲನೆಯದು ಕಡೂರು ಪಕ್ಷ. ಇವರ ಮತದಲ್ಲಿ ಈಳಿಗೆಮಣೆಯೇ ಪರಬ್ರಹ್ಮ. ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿದರೆ ಎರಡೂ ಕೈ ಬಿಡುವು. ಅಲಗಿನ ತುದಿಯಲ್ಲೇ ತೆಂಗಿನಕಾಯಿ ತುರಿಯುವ ಹಲ್ಲು. ಹೆಚ್ಚುವ ಹಲಗೆ ಬೇರೆ ಬೇಕಿಲ್ಲ. ವಾದ ಅಖಂಡನೀಯವಾಗಿದೆ, ಈಳಿಗೆಮಣೆಯನ್ನು ಬೆನ್ನಿಗೆ ಕಟ್ಟಿಕೊಂಡು ಕಲ್ಲತ್ತಿಗಿರಿ ಹತ್ತುವವರೆಗೆ.

ಎರಡನೆಯದು ತರೀಕೆರೆ ಪಕ್ಷ. ಮಲೆನಾಡಿನ ಸೆರಗಿನವರಾದ ಇವರಿಗೆ ಮಚ್ಚಿಗಿಂತ ಚಿಕ್ಕದೆಲ್ಲ ಆಟಿಕೆ. ಸೌದೆ ಸೀಳಲು, ಎಳನೀರು ಕೆತ್ತಲು, ಕೊತ್ತಂಬರಿ ಸೊಪ್ಪು ಹೆಚ್ಚಲು ಒಂದೇ ಮಚ್ಚು ಸಾಕೆನ್ನುತ್ತಾರೆ. ಇವರ ಬತ್ತಳಿಕೆಯಲ್ಲಿ ಐತಿಹಾಸಿಕ ಅಸ್ತ್ರವೂ ಇದೆ: 1918ರಲ್ಲಿ ಮೈಸೂರು ಸಂಸ್ಥಾನ ಭದ್ರಾವತಿಯಲ್ಲಿ ಆರಂಭಿಸಿದ ಕಬ್ಬಿಣದ ಕಾರ್ಖಾನೆಗೆ ಅದಿರು ಹೋದದ್ದು ಇವರದೇ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಿಂದ. ನಾಡಿಗೆಲ್ಲ ಕಬ್ಬಿಣ ಕೊಟ್ಟವರಿಗೆ ನಾಲ್ಕು ಅಂಗುಲದ ಚಾಕು ಸಾಕೆನ್ನುವುದು ಅವಮಾನವೇ ಸರಿ. ಆದರೆ ಮಚ್ಚಿನಿಂದ ಹೆಚ್ಚಿದ ಹಸಿಮೆಣಸಿನಕಾಯಿಯಲ್ಲಿ ಅರ್ಧ ಬಾಣಲೆಗೆ, ಉಳಿದರ್ಧ ಪಕ್ಕದವರ ಕಣ್ಣಿಗೆ.

ಮೂರನೆಯದು ಅಜ್ಜಂಪುರ ಪಕ್ಷ. ತರೀಕೆರೆಯಿಂದ ಬೇರೆಯಾಗಿ ತಾಲ್ಲೂಕಾಗಿ ಹೆಚ್ಚು ವರ್ಷವಾಗಿಲ್ಲ. ಹಾಗಾಗಿ ತರೀಕೆರೆ ಏನು ಹೇಳಿದರೂ ಒಪ್ಪಬಾರದೆಂಬುದು ಇವರ ಮೂಲಸೂತ್ರ. ಬಿಡಾರದ ವಿಷಯದಲ್ಲಿ ಇವರದು ರಾಜವಂಶದ ಪರಂಪರೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ರಾಸುಗಳ ಇಲಾಖೆಯನ್ನು ಟಿಪ್ಪು ಅಮೃತಮಹಲ್ ಎಂದು ಕರೆದ. ದಂಡು ಹೋದಲ್ಲೆಲ್ಲ ಆ ಎತ್ತುಗಳು ತೋಪನ್ನೂ ಸಾಮಾನನ್ನೂ ಎಳೆದವು. ಆ ತಳಿಯ ಕೇಂದ್ರ ಇಂದಿಗೂ ಅಜ್ಜಂಪುರದಲ್ಲಿದೆ. ‘ಎತ್ತಿದ್ದರೆ ಚಾಕು ಎಷ್ಟು ದೊಡ್ಡದಿದ್ದರೇನು?’ ಎಂಬುದು ಇವರ ಪ್ರಶ್ನೆ. ಎತ್ತಿಲ್ಲದವರು ಮುಂದಕ್ಕೆ ಓದಬಹುದು.

ನಾಲ್ಕನೆಯದು ಪರದೇಶಿ ಪಕ್ಷ. ಸ್ವಿಸ್ ಸೇನೆಗೆ 1891ರಲ್ಲಿ ಕಾರ್ಲ್ ಎಲ್ಸೆನರ್ ಒದಗಿಸಿದ ಮಡಿಚುವ ಚಾಕುವಿನಲ್ಲಿ ಬಂದೂಕು ಬಿಚ್ಚಲು ಸ್ಕ್ರೂಡ್ರೈವರ್, ಡಬ್ಬಿ ತೆರೆಯಲು ಉಪಕರಣ ಎಲ್ಲವೂ ಇದ್ದವು. ನಮ್ಮ ಬಿಡಾರದಲ್ಲಿ ಬಿಚ್ಚಬೇಕಾದದ್ದು ರವೆಯ ಪೊಟ್ಟಣ ಒಂದೇ. ಅದನ್ನು ಹಲ್ಲಿನಿಂದ ಕಚ್ಚಿ ಬಿಚ್ಚುವ ಪದ್ಧತಿ ಸ್ವಿಸ್ ಸೇನೆಗಿಂತ ಹಳೆಯದು.

ಪ್ರಮಾಣ ವಿಚಾರ

ಇಲ್ಲಿ ಕಾನೂನಿನ ಮಾತನ್ನು ಆಲಿಸಬೇಕು. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಕಡೆಯ ಕಾಡು ಭದ್ರಾ ಅಭಯಾರಣ್ಯಕ್ಕೆ ಸೇರಿದ್ದು. 1998ರಿಂದ ಅದು ಹುಲಿ ಯೋಜನೆಯಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಆಯುಧ’ಗಳನ್ನು ಪಟ್ಟಿ ಮಾಡುವಾಗ ಬಂದೂಕು, ಬಿಲ್ಲುಬಾಣ, ಸ್ಫೋಟಕ, ವಿಷ, ಬಲೆಗಳ ಪಂಕ್ತಿಯಲ್ಲಿ ಚಾಕುವನ್ನೂ ಕೂರಿಸಿದೆ. ಲಿಖಿತ ಅನುಮತಿಯಿಲ್ಲದೆ ಆಯುಧ ಹಿಡಿದು ಅಭಯಾರಣ್ಯದೊಳಗೆ ಹೋಗಕೂಡದೆಂದು 31ನೇ ಕಲಂ ಹೇಳುತ್ತದೆ. ಅಪಾಯವಾಗುವಂತೆ ಬೆಂಕಿ ಹೊತ್ತಿಸಕೂಡದೆಂದು 30ನೇ ಕಲಂ. ಹುಲಿಯ ಮನೆಯಲ್ಲಿ ಒಗ್ಗರಣೆ ಹಾಕಬೇಡಿ ಎಂಬುದು ಇವೆರಡರ ಸಮನ್ವಯ. ಆದ್ದರಿಂದ ಈ ಶಾಸ್ತ್ರವು ತೋಟ, ಹೊಲ, ಅನುಮತಿ ಪಡೆದ ಬಿಡಾರಗಳಿಗೆ ಮಾತ್ರ ಅನ್ವಯ.

ಸಿದ್ಧಾಂತ

ಬಿಡಾರದಲ್ಲಿ ಹೆಚ್ಚುವುದೇನು? ಈರುಳ್ಳಿ, ಹಸಿಮೆಣಸಿನಕಾಯಿ, ಟೊಮೆಟೊ, ನಿಂಬೆಹಣ್ಣು, ಕೊತ್ತಂಬರಿ. ಇಷ್ಟಕ್ಕೆ ಸುಮಾರು 10 ಸೆಂಟಿಮೀಟರ್, ನಾಲ್ಕು ಅಂಗುಲದ ತೆಳು ಅಲಗು ಸಾಕು. ದಪ್ಪ ಅಲಗು ಈರುಳ್ಳಿಯನ್ನು ಹೆಚ್ಚುವುದಿಲ್ಲ, ಸೀಳುತ್ತದೆ.

ಮಡಿಚುವುದೋ ಮಡಿಚದ್ದೋ? ಮಡಿಚುವ ಚಾಕು ಕಿಸೆಗೆ ಒಳ್ಳೆಯದು, ಅಡುಗೆಗಲ್ಲ: ಅದರ ಸಂದಿಯಲ್ಲಿ ನಿನ್ನೆಯ ಟೊಮೆಟೊ ಇಂದಿಗೂ ವಾಸಿಸುತ್ತದೆ. ಮಡಿಚದ ಅಲಗಿಗೆ ಒಂದು ಒರೆ ಇರಲಿ. ಒರೆಯಿಲ್ಲದ ಚಾಕು ಮೊದಲು ಹೆಚ್ಚುವುದು ಚೀಲವನ್ನೇ.

ಸಂತೆಯ ಕಮ್ಮಾರ ಬಡಿದುಕೊಟ್ಟ ಕಬ್ಬಿಣದ ಚಾಕು ಬೇಗ ಹರಿತವಾಗುತ್ತದೆ, ಬೇಗ ತುಕ್ಕೂ ಹಿಡಿಯುತ್ತದೆ. ನಿಂಬೆಹುಳಿ ತಾಗಿದರೆ ಮುಖ ಕಪ್ಪು. ಒರೆಸಿ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರುವ ಶ್ರದ್ಧೆಯಿದ್ದವರಿಗೆ ಅದು. ಶ್ರದ್ಧೆಯಿಲ್ಲದವರಿಗೆ ಸ್ಟೇನ್‌ಲೆಸ್ ಸ್ಟೀಲ್: ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಇರುವುದರಿಂದ ನಿಮ್ಮ ಸೋಮಾರಿತನವನ್ನು ಅದು ಸಹಿಸುತ್ತದೆ.

ಮೊಂಡು ಚಾಕುವೇ ಹೆಚ್ಚು ಅಪಾಯ. ಒತ್ತಿ ಹಿಡಿದಾಗ ಜಾರಿ ಬೆರಳಿಗೆ ಬರುತ್ತದೆ. ಸಾಣೆಕಲ್ಲು ಮರೆತಿದ್ದರೆ ಪಿಂಗಾಣಿ ಲೋಟವನ್ನು ಬೋರಲು ಹಾಕಿ, ತಳದ ನುಣುಪಿಲ್ಲದ ಅಂಚಿಗೆ ಅಲಗನ್ನು ಸ್ವಲ್ಪವೇ ಓರೆಯಾಗಿ ಹಿಡಿದು ಮಸೆಯಿರಿ.

ಅಧಿಕಾರಿ ನಿರ್ಣಯ

ಈಗ ಮುಂದೂಡಿದ್ದ ಪ್ರಶ್ನೆ. ಪ್ರತಿ ಬಿಡಾರದಲ್ಲೂ ಎರಡು ವರ್ಗ. ಉಕ್ಕು, ಹಿಡಿ, ಅಲಗಿನ ಕೋನ ಇವುಗಳ ಮೇಲೆ ಬೆಂಕಿಯ ಸುತ್ತ ಕುಳಿತು ವಾದ ಮಾಡುವವರು ಒಂದು ವರ್ಗ. ಅತ್ತ ಕತ್ತಲಲ್ಲಿ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು, ಕಣ್ಣೀರು ಸುರಿಸುತ್ತ ಈರುಳ್ಳಿ ಹೆಚ್ಚುವವನದು ಇನ್ನೊಂದು. ಚಾಕು ಕೊಳ್ಳುವವರು ಯಾವಾಗಲೂ ಮೊದಲ ವರ್ಗದವರು. ಬಿಡಾರದ ಚಾಕು ಕೆಟ್ಟದಾಗಿರುವುದಕ್ಕೆ ಇದೊಂದೇ ಕಾರಣ, ಮಿಕ್ಕಿದ್ದೆಲ್ಲ ಶಾಸ್ತ್ರ.

ಫಲಶ್ರುತಿ

ಆದ್ದರಿಂದ ತೀರ್ಪು ಹೀಗೆ: ಈರುಳ್ಳಿ ಹೆಚ್ಚುವವನೇ ಚಾಕು ಆರಿಸತಕ್ಕದ್ದು, ದುಡ್ಡು ಉಳಿದವರು ಕೊಡತಕ್ಕದ್ದು. ಈ ಪ್ರಬಂಧವನ್ನು ಇಲ್ಲಿಯವರೆಗೆ ಓದಿದವರು ಮೊದಲ ವರ್ಗಕ್ಕೆ ಸೇರಿದವರೆಂಬುದರಲ್ಲಿ ಸಂಶಯವಿಲ್ಲ. ದಯವಿಟ್ಟು ಎದ್ದು ಹೋಗಿ ಎರಡು ಈರುಳ್ಳಿ ಸುಲಿದುಕೊಡಿ.