ಬೀರುವಿನ ಹಿಂದಿನಿಂದ ಒಂದು ಸಂದರ್ಶನ

ಜಯನಗರದಲ್ಲಿ 30-40ರ ಸೈಟಿನ ಒಂದು ಹಳೇ ಮನೆ ಮಾರಾಟಕ್ಕಿದೆ. ವರ್ಷಗಟ್ಟಲೆ ತೊಟ್ಟಿಕ್ಕುತ್ತಿದ್ದ ನಲ್ಲಿಗೆ ವಾಷರ್ ಬಂತು, ಮುಂಬಾಗಿಲಿಗೆ ವಾರ್ನಿಷ್ ಬಿತ್ತು, ರೆಡ್ ಆಕ್ಸೈಡ್ ನೆಲ ಪಾಲಿಷ್ ಕಂಡಿತು. ಮಂತ್ರಿಗಳು ಬರುತ್ತಾರೆಂದರೆ ರಾತ್ರೋರಾತ್ರಿ ರಸ್ತೆಗೆ ಡಾಂಬರು ಬೀಳುತ್ತದಲ್ಲ, ಹಾಗೆ. ಈ ಸಡಗರದ ನಡುವೆ ಪತ್ರಿಕೆಯ ಪ್ರತಿನಿಧಿ ಮಾತಿಗೆ ಕೂತದ್ದು ಮಲಗುವ ಕೋಣೆಯ ಗೋಡೆಯಲ್ಲಿ, ಬೀರುವಿನ ಹಿಂದೆ ತಲೆಮರೆಸಿಕೊಂಡಿರುವ ತೇವದ ಕಲೆಯ ಜೊತೆ.

ಹೇಗಿದ್ದೀರಿ ಎಂದು ಕೇಳಿದ್ದೇ ತಡ, ಕಲೆ ಗೊಣಗಿತು: “ಉಸಿರು ಕಟ್ಟುತ್ತಿದೆ. ಎರಡು ಕೋಟ್ ಪುಟ್ಟಿ, ಪ್ರೈಮರ್, ಮೇಲೆ ಎಮಲ್ಷನ್. ಸಾಲದ್ದಕ್ಕೆ ಈ ಬೀರು. ಮೊನ್ನೆಯವರೆಗೆ ಇದು ನಡುಮನೆಯಲ್ಲಿತ್ತು.”

ಮನೆಯವರಿಗೆ ನಿಮ್ಮ ಪರಿಚಯ ಮೊದಲೇ ಇತ್ತೇ?

“ಇಲ್ಲದೆ ಏನು! ಮಗುವಿಗೆ ಕೆಮ್ಮು ಬಂದಾಗಲೆಲ್ಲ ನನ್ನನ್ನೇ ಬೈಯುತ್ತಿದ್ದರು. ಪೇಂಟರನ್ನು ಕರೆಸಿದ್ದು ಮಾತ್ರ ಬ್ರೋಕರ್ ಹೇಳಿದ ಮೇಲೆ. ತಾವು ಬಾಳುವಾಗ ದಂಡವೆನಿಸಿದ ಖರ್ಚು ಯಾರೋ ಬಂದು ನೋಡುತ್ತಾರೆಂದಾಗ ಸಲೀಸಾಯಿತು.”

ಹುಟ್ಟೂರಿನ ಬಗ್ಗೆ ಕೇಳಿದಾಗ ಕಲೆಗೆ ಹುಮ್ಮಸ್ಸು ಬಂತು. ಮೂಲ ಪಕ್ಕದ ಬಚ್ಚಲುಮನೆ. ಗೋಡೆಯೊಳಗಿನ ಪೈಪಿನ ಜಾಯಿಂಟ್ ಜಿನುಗುತ್ತದೆ. ನೀರು ಇಟ್ಟಿಗೆ, ಗಾರೆಯಲ್ಲಿರುವ ಉಪ್ಪನ್ನು ಕರಗಿಸಿಕೊಂಡು ಹೊರಗೆ ಬಂದು ಆರಿಹೋಗುತ್ತದೆ. ಉಪ್ಪು ಬಿಳಿ ಪುಡಿಯಾಗಿ ಉಳಿದು ಬಣ್ಣವನ್ನು ಒಳಗಿನಿಂದ ತಳ್ಳುತ್ತದೆ. “ಪೈಪು ಸರಿಮಾಡಿಸದೆ, ಗೋಡೆಯನ್ನು ಒಣಗಲು ಬಿಡದೆ ಎಷ್ಟು ಪುಟ್ಟಿ ಬಳಿದರೂ ಗುಳ್ಳೆ ಎದ್ದೇ ಏಳುತ್ತದೆ. ನನಗೇನೂ ಅವಸರವಿಲ್ಲ.”

ಬ್ರೋಕರ್ ಕೊಟ್ಟ ಸಲಹೆಗಳನ್ನೂ ಅದು ಒಂದೊಂದಾಗಿ ಬಿಚ್ಚಿಟ್ಟಿತು. ಕಾವೇರಿ ನೀರು ಬರುವ ದಿನವೇ ಪಾರ್ಟಿಯನ್ನು ಕರೆಸಬೇಕು, ಸಂಪು ತುಂಬಿರಬೇಕು. ಹಗಲಲ್ಲೂ ಲೈಟು ಉರಿಯಬೇಕು. ಒಲೆಯ ಮೇಲೆ ಡಿಕಾಕ್ಷನ್ ಘಮಘಮಿಸಬೇಕು. ಕುಟುಂಬದ ಫೋಟೋಗಳೆಲ್ಲ ಅಟ್ಟ ಸೇರಬೇಕು. ಇದನ್ನೆಲ್ಲ ‘ಹೋಮ್ ಸ್ಟೇಜಿಂಗ್’ ಎಂಬ ಕಸುಬು ಮಾಡಿದ್ದು ಅಮೆರಿಕ. ಸಿಯಾಟಲ್ ಕಡೆಯ ಬಾರ್ಬ್ ಶ್ವಾರ್ಟ್ಜ್ ಎಂಬಾಕೆ 1972ರಲ್ಲಿ ಶುರುಮಾಡಿದರೆಂಬ ಹೆಸರಿದೆ. “ಅಲ್ಲಿ ಸೋಫಾ ಬಾಡಿಗೆಗೆ ತಂದಿಡುತ್ತಾರಂತೆ. ನಮ್ಮ ಯಜಮಾನರು ಪಕ್ಕದ ಮನೆಯ ಹೂಕುಂಡಗಳನ್ನು ಕೇಳಿ ತಂದಿದ್ದಾರೆ.”

ಮಾರುವಾಗ ಮನೆ ಚೊಕ್ಕಟ ಮಾಡುವುದು ತಪ್ಪೇ?

“ಗುಡಿಸಿ ಸಾರಿಸಿ ತೋರಿಸಲಿ, ಬೇಡ ಅಂದವರಾರು? ಮುಚ್ಚಿಡುವುದು ಬೇರೆ ಮಾತು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೇ ಕಲಂ ನೋಡಿ. ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ ಮಹತ್ವದ ದೋಷವಿದ್ದರೆ ಮಾರುವವನೇ ಬಾಯಿಬಿಟ್ಟು ಹೇಳಬೇಕು. ಕಾನೂನು ನನ್ನ ಕಡೆಗಿದೆ. ಬೀರು ಯಜಮಾನರ ಕಡೆಗಿದೆ.”

ಆಮೇಲೆ ಕಲೆ ದನಿ ತಗ್ಗಿಸಿತು. “ನಿಜ ಹೇಳಲೇ? ನನಗಿಂತ ದೊಡ್ಡ ಕಲೆ ಈ ಬೀರುವಿನ ಒಳಗಿದೆ.” ಮನೆಯ ಖಾತೆ ಇನ್ನೂ ಯಜಮಾನರ ತೀರಿಹೋದ ತಂದೆಯ ಹೆಸರಿನಲ್ಲಿದೆ. ಅವರು ಉಯಿಲು ಬರೆದಿಟ್ಟಿಲ್ಲ. ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ಇಬ್ಬರು ಅಕ್ಕಂದಿರನ್ನು ಯಾರೂ ಕೇಳಿಯೇ ಇಲ್ಲ. 2024ರ ಅಕ್ಟೋಬರಿನಿಂದ ಇ-ಖಾತೆ ಇಲ್ಲದೆ ನೋಂದಣಿಯೂ ಇಲ್ಲ. ಬಣ್ಣಕ್ಕೆ ಓಡಾಡಿದ ಯಜಮಾನರು ಖಾತೆ ಬದಲಾವಣೆಗೆ ಇನ್ನೂ ಅರ್ಜಿಯನ್ನೇ ಹಾಕಿಲ್ಲ.

ಮನೆ ಕೊಳ್ಳುವವರಿಗೆ ಏನು ಹೇಳುತ್ತೀರಿ?

“ಬೀರು ಸರಿಸಿ ಅನ್ನಿ. ಸಂಕೋಚ ಬೇಡ, ದುಡ್ಡು ನಿಮ್ಮದು. ಬಚ್ಚಲಿಗೆ ಒತ್ತಿಕೊಂಡ ಗೋಡೆಗೆ ಅಂಗೈ ಇಟ್ಟು ನೋಡಿ. ತಾರಸಿಯ ಬಂಡವಾಳ ತಿಳಿಯಬೇಕಿದ್ದರೆ ಮಳೆ ಬಂದ ಮರುದಿನ ಬನ್ನಿ. ಮೂಲಪತ್ರ, ಋಣಭಾರ ಪತ್ರ, ಇ-ಖಾತೆ ಮೂರನ್ನೂ ನಿಮ್ಮದೇ ವಕೀಲರಿಗೆ ತೋರಿಸಿ. ಅಲ್ಲಿಯವರೆಗೆ ಮುಂಗಡ ಕೊಡಬೇಡಿ.”