ನಾಣ್ಯದ ರಾಯರು

ಯಾರ ಮನೆ ಮುಂದೆ ಎಂ-ಸ್ಯಾಂಡ್ ಸುರಿದರೂ ಅರ್ಧ ಗಂಟೆಯೊಳಗೆ ಅಲ್ಲೊಬ್ಬರು ಹಾಜರು. ನಿವೃತ್ತರು. ಕೈಯಲ್ಲಿ ಹಾಲಿನ ಪ್ಯಾಕೆಟ್ಟು, ಜೇಬಲ್ಲಿ ಐದು ರೂಪಾಯಿಯ ನಾಣ್ಯ. ನಾಣ್ಯ ಖರ್ಚಿಗಲ್ಲ, ಗೋಡೆ ತಟ್ಟಲಿಕ್ಕೆ. ಮೈಸೂರಿನ ಸರಸ್ವತೀಪುರಂನಂಥ ಹಳೇ ಬಡಾವಣೆಗಳಲ್ಲಿ ಬೀದಿಗೊಬ್ಬರಾದರೂ ಇಂಥವರು ಸಿಗುತ್ತಾರೆ. ನಮ್ಮ ಬೀದಿಯವರು ನಾಣ್ಯದ ರಾಯರು.

ಯಾರದಾದರೂ ಅಡುಗೆಮನೆಯ ಹಳೇ ಟೈಲ್ಸ್ ಕಿತ್ತರೆ ರಾಯರಿಗೆ ಅಂದೇ ಹಬ್ಬ. ಟೈಲ್ಸ್ ಒಂಟಿಯಾಗಿ ಬರುವ ಜಾತಿಯಲ್ಲ, ಬೆನ್ನಿಗಂಟಿದ ಗಾರೆಯನ್ನೂ ಎಳೆದುಕೊಂಡೇ ಬರುತ್ತದೆ. ಒಂದು ಕಡೆ ಇಟ್ಟಿಗೆ ಹಲ್ಲು ಕಿರಿಯುತ್ತಿರುತ್ತದೆ. ಸಿಂಕಿನ ಹಿಂದಿನ ಒದ್ದೆ ಗಾರೆ ಬೆರಳು ತಾಗಿದರೂ ಉದುರುತ್ತದೆ. ಮನೆಯಾಕೆಗೆ ಅಳು ಬರುವುದೊಂದು ಬಾಕಿ. ರಾಯರು ಕನ್ನಡಕ ಏರಿಸಿಕೊಂಡು ಅಡುಗೆಕಟ್ಟೆಯ ಉದ್ದಕ್ಕೂ ತಟ್ಟುತ್ತ ಹೋಗುತ್ತಾರೆ. ಟಣ್ ಅಂದರೆ ಗಾರೆ ಗಟ್ಟಿ, ಡಬ್ ಅಂದರೆ ಒಳಗೆ ಟೊಳ್ಳು. ಡಬ್ ಅಂದಾಗ ಅವರ ಮುಖ ಅರಳುವುದನ್ನು ನೋಡಬೇಕು! "ಒಂದು ಚೂರು ಸೀಮೆಸುಣ್ಣ ಕೊಡಮ್ಮಾ" ಎಂದು ಅದರ ಸುತ್ತ ಗೆರೆ ಎಳೆಯುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಗೋಡೆ ಭೂಪಟ.

"ಏನೂ ಆಗಲ್ಲ ಸಾರ್, ಐದೈದು ಉಂಡೆ ಸಿಮೆಂಟ್ ಮೆತ್ತಿ ಟೈಲ್ಸ್ ಕೂರಿಸಿಬಿಡ್ತೀನಿ. ಹಿಂದೆ ಏನಿದೆ ಅಂತ ಯಾರಿಗೆ ಕಾಣುತ್ತೆ?" ಅನ್ನುತ್ತಾನೆ ಮೇಸ್ತ್ರಿ.

"ನಿಂಗೂ ಕಾಣಲ್ಲ, ನಂಗೂ ಕಾಣಲ್ಲ ಕಣಪ್ಪಾ. ಟೊಳ್ಳಿರೋ ಕಡೆ ಕುಕ್ಕರ್ ತಗುಲಲಿ, ಆಗ ಟೈಲ್ಸಿಗೇ ಕಾಣುತ್ತೆ."

ಮನೆಯ ಯಜಮಾನರು ಪಾಪ, ಸುಮ್ಮನಿರಲಾರದೆ, "ಪುಟ್ಟಿ ಬಳಿದರೆ ಹೇಗೆ?" ಎಂದರೋ, ಮುಗಿಯಿತು. ಪುಟ್ಟಿ ಇರುವುದು ಬಣ್ಣಕ್ಕೆ. ಅದರ ಮೇಲೆ ಟೈಲ್ಸ್ ಅಂಟಿಸಿದರೆ ಒಂದು ದಿನ ಪುಟ್ಟಿ ಸಮೇತ ಇಳಿದು ಒಗ್ಗರಣೆಗೆ ಬೀಳುತ್ತದೆ ಎಂಬ ಉಪನ್ಯಾಸ ಕೇಳಬೇಕು. ಸಡಿಲ ಗಾರೆ ಪೂರ್ತಿ ಕೆತ್ತು, ಧೂಳು ತೊಳೆ, ಸಿಮೆಂಟ್ ಹಾಲು ಬಳಿ, ಒಂದಕ್ಕೆ ನಾಲ್ಕರ ಗಾರೆ ಹಾಕು, ಆಳದ ಗುಂಡಿಯನ್ನು ಒಂದೇ ಸಲಕ್ಕೆ ತುಂಬಬೇಡ. ಎಲೆಕ್ಟ್ರಿಷಿಯನ್ ಮಿಕ್ಸಿ ಪ್ಲಗ್ಗಿಗೆಂದು ಕೊರೆದುಹೋದ ಕಾಲುವೆಗೆ ಚಿಕನ್ ಮೆಶ್ ಹೊಡಿ. ಮೇಸ್ತ್ರಿ ಹಟಕ್ಕೆ ಬಿದ್ದು ಕನ್ನಡಿಯಂತೆ ನುಣ್ಣಗೆ ತೀಡಿದರೆ ಅದಕ್ಕೂ ಬೈಗುಳ: "ಒರಟಾಗೇ ಬಿಡಯ್ಯಾ, ಟೈಲ್ಸ್ ಏನನ್ನ ಹಿಡ್ಕೋಬೇಕು?"

ಈ ಮನುಷ್ಯ ತಪ್ಪು ಹೇಳುತ್ತಿದ್ದರೆ ಬೀದಿಯವರಿಗೆ ಎಷ್ಟೋ ನೆಮ್ಮದಿಯಿತ್ತು. ಹೇಳುವುದೆಲ್ಲ ಸರಿ, ಸಂಕಟ ಇರುವುದೇ ಅಲ್ಲಿ.

ಗಾರೆ ಮುಗಿಸಿದ ಮೇಸ್ತ್ರಿ ಬೇರೆ ಸೈಟಿಗೆ ಪರಾರಿ. 7 ದಿನ ನೀರು ಹಾಕುವವರು ಯಾರು? ರಾಯರೇ. ಬೆಳಿಗ್ಗೆ ಒಂದು ಸಲ ನೀರು, ಒಂದು ಲೋಟ ಕಾಫಿ. ಸಂಜೆ ಒಂದು ಸಲ ನೀರು, ಇನ್ನೊಂದು ಲೋಟ ಕಾಫಿ. ಒಲೆಯನ್ನು ವರಾಂಡಕ್ಕೆ ಸಾಗಿಸಿರುವ ಮನೆಯಾಕೆ, ಮೂರನೆಯ ದಿನ ಸಕ್ಕರೆ ಕಡಿಮೆ ಮಾಡುತ್ತಾಳೆ. "ಸಕ್ಕರೆ ಕಮ್ಮಿ ಇದ್ದರೇ ನಂಗೆ ಒಳ್ಳೇದಮ್ಮಾ" ಎಂದು ರಾಯರು ಹರಸುತ್ತಾರೆ.

ಎಂಟನೆಯ ದಿನ ಮೇಸ್ತ್ರಿ ಬಂದು, ಮಾತಿಲ್ಲದೆ ಕೈ ಚಾಚಿ ನಾಣ್ಯ ಇಸಿದುಕೊಂಡು, ತಾನೇ ತಟ್ಟುತ್ತಾನೆ. ಟಣ್. ಟಣ್. ಸಿಂಕಿನ ಹಿಂದೆಯೂ ಟಣ್. ರಾಯರು ಇಳಿಮೋರೆ ಹಾಕಿಕೊಂಡು ನಾಣ್ಯ ಜೇಬಿಗಿಳಿಸುತ್ತಾರೆ, ಬಾಗಿಲವರೆಗೆ ಹೋಗುತ್ತಾರೆ, ಚಪ್ಪಲಿ ಮೆಟ್ಟುತ್ತಾ ತಿರುಗಿ ಕೇಳುತ್ತಾರೆ: "ಅಂದಹಾಗೆ, ಬಚ್ಚಲುಮನೆ ಟೈಲ್ಸ್ ಹಾಕಿಸಿ ಎಷ್ಟು ವರ್ಷ ಆಯ್ತಮ್ಮಾ?"